ಅಮೆರಿಕದ ಊರುಗಳ ಪಟ್ಟಿಯಲ್ಲಿ ಬಸ್ ನಿಲ್ದಾಣಕ್ಕೂ ಜಾಗವಿರಲಿ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಅಮೆರಿಕದಲ್ಲಿ ನೋಡಲೇಬೇಕಾದ, ಅನುಕೂಲವಿದ್ದರೆ ನೆಲೆಸಲೂಬಹುದಾದ ನಗರಗಳ ಬಗ್ಗೆ ಬಂದ ಬರಹವನ್ನು ಆಸಕ್ತಿಯಿಂದ ಓದಿದೆ. ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ವೇಗಸ್, ಒರ್ಲಾಂಡೊ ಎಲ್ಲವೂ ಅದರಲ್ಲಿವೆ, ಚಿತ್ರಗಳೂ ಚೆನ್ನಾಗಿವೆ. ಆದರೆ ಆ ಪಟ್ಟಿಯನ್ನು ಯಾರಿಗಾಗಿ ಮಾಡಿದ್ದು ಎಂಬುದು ನನಗೆ ತಿಳಿಯಲಿಲ್ಲ. ಮಗಳ ಬಾಣಂತನಕ್ಕೋ ಮೊಮ್ಮಗುವನ್ನು ನೋಡಿಕೊಳ್ಳುವುದಕ್ಕೋ ಸಂದರ್ಶಕರ ವೀಸಾದಲ್ಲಿ ಹೋಗಿ, ಸಾಮಾನ್ಯವಾಗಿ ಸಿಗುವ ಆರು ತಿಂಗಳನ್ನು ಮಕ್ಕಳ ಮನೆಯಲ್ಲಿ ಕಳೆದು ಬರುವ ಅಪ್ಪ ಅಮ್ಮಂದಿರು ಇಂದು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಬೆಳಗಿನ ಕಾಫಿ ಮುಗಿದು, ಮಗಳು ಅಳಿಯ ಕಂಪ್ಯೂಟರಿನ ಮುಂದೆ ಕೂತ ಮೇಲೆ, ಯಾರನ್ನೂ ಕೇಳದೆ ನಾವು ಎಲ್ಲಿಗೆ ಹೋಗಿ ಬರಬಹುದು ಎಂಬುದರ ಮೇಲೆ ನಮಗೆ ಆ ಊರು ಒಳ್ಳೆಯದೋ ಕೆಟ್ಟದ್ದೋ ಎಂಬುದು ತೀರ್ಮಾನವಾಗುತ್ತದೆ. ಈ ಅಳತೆಯಲ್ಲಿ ನಾನು ಕಂಡ ಊರುಗಳ ಪೈಕಿ ಮೊದಲ ಸ್ಥಾನ ಷಿಕಾಗೊ ನಗರದ್ದು. ತಮ್ಮ ಪಟ್ಟಿಯಲ್ಲಿ ಅದರ ಹೆಸರೇ ಇಲ್ಲ.

ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತಮೂರು ವರ್ಷ ರಸ್ತೆ, ಸೇತುವೆಗಳ ಕೆಲಸ ಮಾಡಿ ನಿವೃತ್ತನಾದವನು ನಾನು. 1956ರ ಕಾಯ್ದೆಯ ಮೂಲಕ 41,000 ಮೈಲಿ ಹೆದ್ದಾರಿ ಕಟ್ಟಲು ಹೊರಟ ದೇಶದ ಬಗ್ಗೆ ನನ್ನಂಥವನಿಗೆ ಗೌರವವಿಲ್ಲದೆ ಇರುತ್ತದೆಯೇ? ಆದರೆ ಡಲ್ಲಾಸ್ ಸಮೀಪದ ಬಡಾವಣೆಯೊಂದರಲ್ಲಿ ಮಗಳ ಮನೆಗೆ ಹೋಗಿ ಇಳಿದ ಮೂರನೆಯ ದಿನ ಆ ಗೌರವಕ್ಕೆ ಒಂದು ಏಟು ಬಿತ್ತು. ವಾಕಿಂಗ್ ಎಂದು ಹೊರಟೆ. ಮನೆಯ ಮುಂದೆ ಕಾಂಕ್ರೀಟಿನ ಕಾಲುದಾರಿ ಚೊಕ್ಕಟವಾಗಿತ್ತು. ಬಡಾವಣೆಯ ಕಮಾನು ದಾಟಿ ಇನ್ನೂರು ಹೆಜ್ಜೆ ಹೋಗುವಷ್ಟರಲ್ಲಿ ಅದು ಒಂದು ವಿದ್ಯುತ್ ಕಂಬದ ಬುಡದಲ್ಲಿ ನಿಂತೇಹೋಯಿತು. ಮುಂದೆ ಹುಲ್ಲು, ಪಕ್ಕದಲ್ಲಿ ಆರು ಪಥಗಳ ರಸ್ತೆ, ಆಚೆ ಬದಿಗೆ ಕಣ್ಣಿಗೆ ಕಾಣುವ ದಿನಸಿ ಅಂಗಡಿ. ದಾಟಲು ದಾರಿಯಿಲ್ಲದೆ ನಿಂತಿದ್ದಾಗ ಕಾರಿನಲ್ಲಿ ಹೋಗುತ್ತಿದ್ದ ಹೆಂಗಸೊಬ್ಬರು ನಿಲ್ಲಿಸಿ, ಏನಾದರೂ ತೊಂದರೆಯಾಗಿದೆಯೇ, ಗಾಡಿ ಕೆಟ್ಟಿದೆಯೇ ಎಂದು ಬಹಳ ಸೌಜನ್ಯದಿಂದ ಕೇಳಿದರು. ಅಲ್ಲಿ ಗಾಡಿ ಕೆಟ್ಟವರು ಮಾತ್ರ ನಡೆಯುತ್ತಾರೆ ಎಂಬುದು ನನಗೆ ತಿಳಿದದ್ದು ಆಗಲೇ. ಸಂಜೆ ಹೇಳಿದಾಗ ಮಗಳು, "ಇಲ್ಲಿ ಹಂಗೆಲ್ಲ ನಡ್ಕೊಂಡು ಹೋಗೋಕಾಗಲ್ಲ ಅಪ್ಪ, ಶನಿವಾರ ನಾವೇ ಕರ್ಕೊಂಡು ಹೋಗ್ತೀವಲ್ಲ" ಎಂದಳು. ಹಾಗೆ ನಮ್ಮ ಆರು ತಿಂಗಳು ಇಪ್ಪತ್ತೈದು ಶನಿವಾರಗಳಾಗಿ ಕಳೆದವು.

ಇದು ಒಂದು ಬಡಾವಣೆಯ ಕಥೆ ಎಂದು ಯಾರಾದರೂ ಹೇಳಬಹುದು. ಡಲ್ಲಾಸ್ ಮತ್ತು ಫೋರ್ಟ್ ವರ್ತ್ ನಡುವೆ ಇರುವ ಆರ್ಲಿಂಗ್ಟನ್ ಎಂಬ ನಗರದಲ್ಲಿ ಸುಮಾರು ನಾಲ್ಕು ಲಕ್ಷ ಜನರಿದ್ದಾರೆ, ಭಾರಿ ಕ್ರೀಡಾಂಗಣಗಳಿವೆ, ವಿಶ್ವವಿದ್ಯಾಲಯವಿದೆ. ಗೊತ್ತಾದ ಮಾರ್ಗದಲ್ಲಿ ಗೊತ್ತಾದ ಸಮಯಕ್ಕೆ ಓಡುವ ನಗರ ಸಾರಿಗೆ ಬಸ್ಸು ಮಾತ್ರ ಇಲ್ಲ. ಫೋನಿನಲ್ಲಿ ಕರೆದರೆ ಬರುವ ವ್ಯಾನುಗಳ ವ್ಯವಸ್ಥೆಯನ್ನು ಇತ್ತೀಚಿನ ವರ್ಷಗಳಲ್ಲಿ ಮಾಡಿಕೊಂಡಿದ್ದಾರೆ.

ಎರಡು ವರ್ಷಗಳ ನಂತರ ಮಗನ ಮನೆಗೆಂದು ಷಿಕಾಗೊಗೆ ಹೋದೆವು. ಓ'ಹೇರ್ ವಿಮಾನ ನಿಲ್ದಾಣದ ಒಳಗಿನಿಂದಲೇ ನೀಲಿ ಮಾರ್ಗದ ರೈಲು ಹೊರಟು ಸುಮಾರು ಮುಕ್ಕಾಲು ಗಂಟೆಯಲ್ಲಿ ನಗರದ ನಡುವೆ ತಂದು ಇಳಿಸುತ್ತದೆ. ಹಲವು ಕಡೆ ನೆಲದಿಂದ ಎತ್ತರಿಸಿದ ಉಕ್ಕಿನ ಕಂಬಗಳ ಮೇಲೆ ಓಡುವುದರಿಂದ ಊರಿನ ಈ ರೈಲು ವ್ಯವಸ್ಥೆಗೆ ಅಲ್ಲಿನವರು 'ಎಲ್' ಎನ್ನುತ್ತಾರೆ; ಎತ್ತರಿಸಿದ್ದು ಎಂಬ ಅರ್ಥದ 'ಎಲಿವೇಟೆಡ್' ಪದದ ಮೊಟಕು ಅದು. ಮೊದಲ ಮಾರ್ಗ ಶುರುವಾದದ್ದು 1892ರಲ್ಲಿ; ನಗರದ ಹೃದಯಭಾಗವನ್ನು ಸುತ್ತುವರಿದ ಉಕ್ಕಿನ ವರ್ತುಲ ಮುಗಿದದ್ದು 1897ರಲ್ಲಿ. ಇಂದಿಗೂ ಅದೇ ವರ್ತುಲದ ಮೇಲೆ ರೈಲುಗಳು ಕಿರಗುಟ್ಟುತ್ತಾ ತಿರುಗುತ್ತವೆ. ಎಂಟು ಮಾರ್ಗಗಳು, ಪ್ರತಿಯೊಂದಕ್ಕೂ ಒಂದು ಬಣ್ಣದ ಹೆಸರು. ಕೆಂಪು ಮತ್ತು ನೀಲಿ ಮಾರ್ಗಗಳು ರಾತ್ರಿಯಿಡೀ ಓಡುತ್ತವೆ. ಇಂಗ್ಲಿಷ್ ಓದಲು ತಡವರಿಸುವ ನನ್ನ ಪತ್ನಿ ಬಣ್ಣ ನೋಡಿಯೇ ಒಂದು ವಾರದಲ್ಲಿ ಎಲ್ಲವನ್ನೂ ಕಲಿತಳು. ನಾವು ಹೋದದ್ದು ಮಾರ್ಚ್ ತಿಂಗಳಲ್ಲಿ. ಗಾಳಿ ಕಿವಿಯನ್ನು ಕತ್ತರಿಸುತ್ತಿತ್ತು. ಪ್ಲಾಟ್‌ಫಾರ್ಮಿನ ಒಂದು ಮೂಲೆಯ ಸೂರಿನಡಿ ಕೆಂಪಗೆ ಕಾಯುವ ದೀಪಗಳಿದ್ದವು. ಗೋಡೆಯ ಗುಂಡಿ ಒತ್ತಿದರೆ ಅವು ಹೊತ್ತಿಕೊಂಡು ಸ್ವಲ್ಪ ಹೊತ್ತಿಗೆ ತಾವೇ ಆರುತ್ತವೆ. ಕಚೇರಿಗೆ ಹೋಗುವವರು, ಶಾಲೆಯ ಹುಡುಗರು, ಚಕ್ರದ ಚೀಲ ಎಳೆಯುವ ಅಜ್ಜಿ, ಎಲ್ಲರೂ ಅದರ ಕೆಳಗೆ ಮೈಗೆ ಮೈ ತಾಗಿಸಿ ನಿಂತದ್ದು ಮಳೆಗಾಲದ ಮುಂಜಾನೆ ನಮ್ಮ ಮಲೆನಾಡಿನ ಬಚ್ಚಲೊಲೆಯ ಮುಂದೆ ಕೂತ ಹಾಗಿತ್ತು. ದೀಪ ಆರಿದಾಗ ಗುಂಡಿಯ ಪಕ್ಕದಲ್ಲಿದ್ದವರು ಮತ್ತೆ ಒತ್ತುವುದು ಅಲ್ಲಿನ ರೂಢಿ. ಎರಡನೆಯ ವಾರದಿಂದ ಆ ಕೆಲಸವನ್ನು ನನ್ನ ಪತ್ನಿ ತನ್ನ ಹಕ್ಕೆಂದೇ ತಿಳಿದು ಮಾಡುತ್ತಿದ್ದಳು.

ಎಂಜಿನಿಯರನ ಚಪಲ ಎನ್ನಿ, ನನ್ನನ್ನು ಬಹಳವಾಗಿ ಮೆಚ್ಚಿಸಿದ್ದು ಆ ಊರಿನ ಮನೆ ನಂಬರುಗಳು. ಸ್ಟೇಟ್ ಮತ್ತು ಮ್ಯಾಡಿಸನ್ ಎಂಬ ಎರಡು ಬೀದಿಗಳು ಕೂಡುವ ಜಾಗವನ್ನು ಸೊನ್ನೆ ಎಂದು ಹಿಡಿದು, ಅಲ್ಲಿಂದ ನಾಲ್ಕು ದಿಕ್ಕಿಗೂ ಸಂಖ್ಯೆ ಏರುತ್ತಾ ಹೋಗುತ್ತದೆ. ಸುಮಾರಾಗಿ 800 ನಂಬರಿಗೆ ಒಂದು ಮೈಲಿ. ದಕ್ಷಿಣದ ಮೊದಲ ಮೂರು ಮೈಲಿಗಳಲ್ಲಿ ಈ ಲೆಕ್ಕ ತುಸು ತಪ್ಪುತ್ತದೆ ಎಂಬುದನ್ನು ಬಿಟ್ಟರೆ 1909ರಲ್ಲಿ ಜಾರಿಗೆ ಬಂದ ಈ ಕ್ರಮ ಇಂದಿಗೂ ನಡೆಯುತ್ತಿದೆ. ಉತ್ತರ ದಿಕ್ಕಿನಲ್ಲಿ ಡೆವನ್ ಅವೆನ್ಯೂ 6400ರಲ್ಲಿದೆ. ಎಂದರೆ ನಡುಮಧ್ಯದಿಂದ ಎಂಟು ಮೈಲಿ, ಹೆಚ್ಚು ಕಡಿಮೆ 13 ಕಿಲೋಮೀಟರ್. ಕೆಂಪು ಮಾರ್ಗದಲ್ಲಿ ಲೊಯೋಲಾ ನಿಲ್ದಾಣಕ್ಕೆ ಹೋಗಿ 155ನೇ ನಂಬರಿನ ಬಸ್ಸು ಹತ್ತಿದರೆ ಆ ಬೀದಿಯ ಉದ್ದಕ್ಕೂ ಹೋಗಬಹುದು. ಕರಿಬೇವು, ನುಗ್ಗೆಕಾಯಿ, ಒಗ್ಗರಣೆಗೆ ಬೇಕಾದ ಇಂಗು ಎಲ್ಲವೂ ಅಲ್ಲಿ ಸಿಗುತ್ತವೆ. ಇಂದು ಅಮೆರಿಕದಾದ್ಯಂತ ಹರಡಿರುವ ಪಟೇಲ್ ಬ್ರದರ್ಸ್ ದಿನಸಿ ಅಂಗಡಿ 1974ರಲ್ಲಿ ಆರಂಭವಾದದ್ದು ಇದೇ ಬೀದಿಯಲ್ಲಿ. ಬೀದಿಯ ಒಂದು ಭಾಗಕ್ಕೆ ಗಾಂಧಿ ಮಾರ್ಗ ಎಂಬ ಗೌರವದ ಹೆಸರಿದ್ದರೆ ಇನ್ನೊಂದು ಭಾಗಕ್ಕೆ ಜಿನ್ನಾ ಅವರ ಹೆಸರಿದೆ, ಮತ್ತೊಂದಕ್ಕೆ ಇಸ್ರೇಲಿನ ಪ್ರಧಾನಿಯಾಗಿದ್ದ ಗೋಲ್ಡಾ ಮೇಯರ್ ಅವರದು. ನಾವು ಗಾಂಧಿಯವರ ಕಡೆ ಸೊಪ್ಪು ಕೊಂಡು ಜಿನ್ನಾ ಅವರ ಕಡೆ ಚಹಾ ಕುಡಿದು ಬರುತ್ತಿದ್ದೆವು.

ಮಿಶಿಗನ್ ಸರೋವರವನ್ನು ಮೊದಲು ಕಂಡಾಗ ಅದು ಸಮುದ್ರವಲ್ಲ ಎಂದು ನನ್ನ ಪತ್ನಿಯನ್ನು ಒಪ್ಪಿಸಲು ಸಾಕಾಯಿತು. ಸುಮಾರು 58,000 ಚದರ ಕಿಲೋಮೀಟರ್ ವಿಸ್ತಾರದ ಸಿಹಿನೀರು, ನಮ್ಮ ರಾಜ್ಯದ ವಿಸ್ತೀರ್ಣದ ಮೂರನೆಯ ಒಂದು ಪಾಲಿಗೆ ಸ್ವಲ್ಪವೇ ಕಡಿಮೆ. ಅದರ ದಂಡೆಯಲ್ಲಿ 18 ಮೈಲಿ ಉದ್ದದ ಕಾಲುದಾರಿಯಿದೆ. ಕೋಟ್ಯಧಿಪತಿಗಳ ಬಂಗಲೆಗಳು ನೀರಿನ ಅಂಚಿಗೇ ಬಂದು ಕೂರಬಹುದಾಗಿದ್ದ ನಗರದ ಮುಂಭಾಗ ಹೇಗೆ ತೆರೆದು ಉಳಿಯಿತು ಎಂಬುದರ ಹಿಂದೆ ಒಂದು ಚರಿತ್ರೆಯಿದೆ. ಕಾಲುವೆ ಕಟ್ಟಿಸಲು ನೇಮಕವಾಗಿದ್ದ ಆಯುಕ್ತರು 1836ರಲ್ಲಿ ಮಾಡಿದ ನಕ್ಷೆಯಲ್ಲಿ, ಈಗಿನ ಗ್ರಾಂಟ್ ಪಾರ್ಕಿನ ಒಂದು ಭಾಗದ ಮೇಲೆ, ಇದು ಸಾರ್ವಜನಿಕರ ಜಾಗ, ಇಲ್ಲಿ ಯಾವ ಕಟ್ಟಡವೂ ಎಂದೆಂದಿಗೂ ಬರಕೂಡದು ಎಂಬ ಅರ್ಥದ ಒಂದು ಸಾಲನ್ನು ಬರೆದಿಟ್ಟಿದ್ದರು. ಅಂಚೆಯ ಮೂಲಕ ಸಾಮಾನು ಮಾರಿ ಶ್ರೀಮಂತನಾದ ಮಾಂಟ್‌ಗೊಮರಿ ವಾರ್ಡ್ ಎಂಬ ವ್ಯಾಪಾರಿ ಆ ಒಂದು ಸಾಲನ್ನು ಹಿಡಿದು 1890ರಿಂದ 1911ರವರೆಗೆ ಕೋರ್ಟು ಹತ್ತಿ ಇಳಿದು, ಊರಿನ ದೊಡ್ಡವರ ನಿಷ್ಠುರ ಕಟ್ಟಿಕೊಂಡು, ಗೆದ್ದ. ಕೆರೆಯಂಗಳದ ಸರ್ವೆ ನಕ್ಷೆಗಳನ್ನು ಕೈಯಲ್ಲಿ ಹಿಡಿದು ಒತ್ತುವರಿ ಜಾಗಕ್ಕೆ ಹೋಗಿ ಬರಿಗೈಯಲ್ಲಿ ಮರಳಿದ ಅನುಭವವಿರುವ ನನಗೆ ಆ ದಂಡೆಯ ಬೆಂಚಿನ ಮೇಲೆ ಕೂತಾಗ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು.

ಕನ್ನಡಿಗರಿಗೆ ಈ ಊರಿನಲ್ಲಿ ಬೇರೆಯೇ ಒಂದು ಕೆಲಸವಿದೆ. ನಗರದ ನಡುವಿನಿಂದ 6ನೇ ನಂಬರಿನ ಬಸ್ಸು ಸರೋವರದ ಪಕ್ಕದಲ್ಲೇ ದಕ್ಷಿಣಕ್ಕೆ ಓಡಿ ಹೈಡ್ ಪಾರ್ಕ್ ಎಂಬ ಬಡಾವಣೆಗೆ ಹೋಗುತ್ತದೆ. ಷಿಕಾಗೊ ವಿಶ್ವವಿದ್ಯಾಲಯ ಇರುವುದು ಅಲ್ಲಿ. ಮೈಸೂರಿನಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ 1960ರ ದಶಕದ ಆರಂಭದಿಂದ 1993ರ ಜುಲೈನಲ್ಲಿ ತೀರಿಕೊಳ್ಳುವವರೆಗೂ ಪಾಠ ಹೇಳಿದ್ದು, ಬಸವಣ್ಣ, ಅಕ್ಕ, ಅಲ್ಲಮರ ವಚನಗಳನ್ನು ಇಂಗ್ಲಿಷಿಗೆ ತಂದದ್ದು, ಕನ್ನಡದಲ್ಲಿ ಕವಿತೆ ಬರೆದದ್ದು ಇದೇ ಊರಿನಲ್ಲಿದ್ದುಕೊಂಡು. ವಿಶ್ವವಿದ್ಯಾಲಯದ ರೆಗೆನ್‌ಸ್ಟೀನ್ ಗ್ರಂಥಾಲಯದ ಬೂದು ಕಲ್ಲಿನ ಕಟ್ಟಡವನ್ನು ನಾನು ಹೊರಗಿನಿಂದ ಮಾತ್ರ ನೋಡಿದೆ. ಭಾರತೀಯ ಭಾಷೆಗಳ ದೊಡ್ಡ ಪುಸ್ತಕ ಭಂಡಾರ ಅಲ್ಲಿದೆ. ಅದರ ಮೂಲ ತಿಳಿದಾಗ ನಗು ಬಂತು. ಪಿ.ಎಲ್. 480 ಕಾನೂನಿನ ಅಡಿ ಅಮೆರಿಕ ಮಾರಿದ ಗೋಧಿಗೆ ಭಾರತ ಹಣ ಕೊಟ್ಟದ್ದು ರೂಪಾಯಿಗಳಲ್ಲಿ. ಆ ರೂಪಾಯಿಗಳನ್ನು ಇಲ್ಲೇ ಖರ್ಚು ಮಾಡಬೇಕಾಗಿದ್ದರಿಂದ, 1962ರಿಂದ ಅದರ ಒಂದು ಭಾಗದಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ಕೊಂಡು ಅಲ್ಲಿನ ವಿಶ್ವವಿದ್ಯಾಲಯಗಳಿಗೆ ಕಳುಹಿಸಿದರು. ಪ್ರಾಥಮಿಕ ಶಾಲೆಯಲ್ಲಿ ಅಮೆರಿಕದ ಗೋಧಿಯ ಉಪ್ಪಿಟ್ಟು ತಿಂದು ಬೆಳೆದ ನನ್ನ ತಲೆಮಾರಿನವರು ಆ ಕಟ್ಟಡದ ಮುಂದೆ ನಿಂತು, ನಮ್ಮ ಲೆಕ್ಕ ಚುಕ್ತಾ ಆಗಿದೆ ಎಂದು ಧೈರ್ಯವಾಗಿ ಹೇಳಬಹುದು.

ವಿವೇಕಾನಂದರು 1893ರ ಸೆಪ್ಟೆಂಬರ್ 11ರಂದು ಮಾತನಾಡಿದ ಕಟ್ಟಡ ಇಂದಿನ ಆರ್ಟ್ ಇನ್‌ಸ್ಟಿಟ್ಯೂಟ್ ಎಂಬುದು ಬಹುಜನರಿಗೆ ತಿಳಿದಿರುವುದರಿಂದ ಅದನ್ನು ವಿಸ್ತರಿಸುವುದಿಲ್ಲ; ಅದರ ಹಿಂದಿನ ವರ್ಷ ಅವರು ಮೈಸೂರಿನಲ್ಲಿ ಹತ್ತನೆಯ ಚಾಮರಾಜೇಂದ್ರ ಒಡೆಯರ ಅತಿಥಿಯಾಗಿದ್ದರು ಎಂಬುದನ್ನು ಮಾತ್ರ ನೆನಪಿಸುತ್ತೇನೆ. ಅಲ್ಲಿಂದ ನಡೆದು ಹೋಗುವ ದೂರದಲ್ಲಿ, 110 ಮಹಡಿಗಳ, 442 ಮೀಟರ್ ಎತ್ತರದ ವಿಲಿಸ್ ಟವರ್ ಇದೆ. ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್ ಅದರ ಎಂಜಿನಿಯರ್. ಒಂಬತ್ತು ಚೌಕ ಕೊಳವೆಗಳನ್ನು ಬಿದಿರಿನ ಗಳಗಳಂತೆ ಒಂದು ಕಟ್ಟಾಗಿ ಮಾಡಿ, ಮೇಲೇರುತ್ತಾ ಹಂತ ಹಂತವಾಗಿ ಕೆಲವನ್ನು ಕೈಬಿಟ್ಟು, ಕೊನೆಗೆ ಎರಡನ್ನು ಮಾತ್ರ ತುದಿಗೆ ಕೊಂಡೊಯ್ದಿದ್ದಾರೆ. ಟಿಕೆಟ್ ಕೊಟ್ಟು ಮೇಲೆ ಹತ್ತುವುದಕ್ಕಿಂತ ಕೆಳಗೆ ನಿಂತು ಆ ಕೊಳವೆಗಳನ್ನು ಎಣಿಸುವುದು ನನಗೆ ಇಷ್ಟವಾಯಿತು. ಕುತ್ತಿಗೆ ನೋವು ಎರಡು ದಿನ ಇತ್ತು.

ಊರಿನ ದೋಷಗಳನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಜನವರಿಯ ಚಳಿ ವಯಸ್ಸಾದವರಿಗೆ ಅಪಾಯಕಾರಿ; 2019ರ ಜನವರಿ ಕೊನೆಯಲ್ಲಿ ಉಷ್ಣಾಂಶ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್‌ ಕೆಳಗೆ ಇಳಿದಿತ್ತು. ದಕ್ಷಿಣ ಮತ್ತು ಪಶ್ಚಿಮದ ಕೆಲವು ಬಡಾವಣೆಗಳಲ್ಲಿ ಬಂದೂಕಿನ ಹಾವಳಿ ನಿಜವಾದದ್ದು, ಮತ್ತು ಆ ಬಡಾವಣೆಗಳಲ್ಲಿ ಕಪ್ಪು ಜನರೇ ಹೆಚ್ಚಾಗಿ ಇರುವಂತೆ ದಶಕಗಳ ಕಾಲ ಮಾಡಿದ ಭೇದಭಾವವೂ ಅಷ್ಟೇ ನಿಜ. ರಾತ್ರಿ ಹತ್ತರ ನಂತರ ನಾವು ರೈಲು ಹತ್ತುತ್ತಿರಲಿಲ್ಲ. 1950ರಲ್ಲಿ 36 ಲಕ್ಷವಿದ್ದ ಜನಸಂಖ್ಯೆ 2020ರ ಗಣತಿಯಲ್ಲಿ 27 ಲಕ್ಷದ ಆಸುಪಾಸಿಗೆ ಇಳಿದಿದೆ; ಸ್ಯಾನ್ ಫ್ರಾನ್ಸಿಸ್ಕೊ, ನ್ಯೂಯಾರ್ಕ್‌ಗಳಿಗೆ ಹೋಲಿಸಿದರೆ ಬಾಡಿಗೆ ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣವಿರಬೇಕು. ಇನ್ನೊಂದು ಮಾತು: ಅಲ್ಲಿನ ಕನ್ನಡಿಗರಲ್ಲಿ ಬಹಳಷ್ಟು ಮಂದಿ ಇರುವುದು ನಗರದ ಒಳಗಲ್ಲ, ನೇಪರ್‌ವಿಲ್, ಅರೋರಾ ಮುಂತಾದ ಹೊರ ಊರುಗಳಲ್ಲಿ. ಅರೋರಾದ ಬಾಲಾಜಿ ದೇವಸ್ಥಾನಕ್ಕೆ, ಲೆಮಾಂಟಿನ ರಾಮ ದೇವಸ್ಥಾನಕ್ಕೆ ನಾವೂ ಮಗನ ಕಾರಿಗೇ ಕಾಯಬೇಕಾಯಿತು. ವಿದ್ಯಾರಣ್ಯ ಕನ್ನಡ ಕೂಟದವರ ಕಾರ್ಯಕ್ರಮಕ್ಕೂ ಹಾಗೆಯೇ. ಷಿಕಾಗೊದಲ್ಲಿದ್ದಾರೆ ಎಂದು ಹೇಳಿಕೊಳ್ಳುವ ಮಕ್ಕಳ ಮನೆಯ ಅಂಗಳ ಡಲ್ಲಾಸಿನ ಅಂಗಳದಂತೆಯೇ ಇದ್ದರೆ ಮೇಲೆ ಬರೆದ ಯಾವುದೂ ಉಪಯೋಗಕ್ಕೆ ಬರುವುದಿಲ್ಲ.

ಹಾಗಾಗಿ ತಮ್ಮಲ್ಲಿ ಒಂದು ವಿನಂತಿ. ಪುರವಣಿಯಲ್ಲಿ ಇಂಥ ಪಟ್ಟಿಯನ್ನು ಮತ್ತೆ ಪ್ರಕಟಿಸುವಾಗ ಪ್ರತಿ ಊರಿನ ಹೆಸರಿನ ಕೆಳಗೆ, ಅಲ್ಲಿ ಕಾರು ಓಡಿಸಲು ಬಾರದವರು ಹೇಗೆ ಓಡಾಡುತ್ತಾರೆ ಎಂಬ ಒಂದು ಸಾಲನ್ನು ಸೇರಿಸಿ. ನ್ಯೂಯಾರ್ಕ್ ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ, ಬಾಡಿಗೆಯಲ್ಲಿ ಸೋಲುತ್ತದೆ. ಬಾಸ್ಟನ್ ನಡೆಯುವವರ ಊರು. ವಾಷಿಂಗ್ಟನ್ನಿನಲ್ಲಿ ಮೆಟ್ರೊ ಇದೆ, ಸ್ಮಿತ್ಸೋನಿಯನ್ ಸಂಸ್ಥೆಯ ವಸ್ತುಸಂಗ್ರಹಾಲಯಗಳಿಗೆ ಪ್ರವೇಶ ಶುಲ್ಕವಿಲ್ಲ. ಪಿಂಚಣಿದಾರರಿಗೆ ಇದಕ್ಕಿಂತ ಏನು ಬೇಕು? ಲಾಸ್ ವೇಗಸ್ ಬಗ್ಗೆ ನಾನು ಏನನ್ನೂ ಹೇಳಲಾರೆ. ಅಲ್ಲಿ ಎರಡು ರಾತ್ರಿ ಇದ್ದು, ಎರಡೂ ರಾತ್ರಿ ಬೇಗ ಮಲಗಿದೆವು.

ಷಿಕಾಗೊಗೆ ಹೋಗುವವರು ಮೇ ತಿಂಗಳಿನಿಂದ ಅಕ್ಟೋಬರ್ ಮಧ್ಯದ ಒಳಗೆ ಹೋಗುವುದು ಲೇಸು. ಮಾರ್ಚಿನಲ್ಲೇ ಹೋಗಬೇಕಾಗಿ ಬಂದರೆ ಉಣ್ಣೆಯ ಕಿವಿಟೋಪಿಯನ್ನು ಮೇಲಿನ ಕೈಚೀಲದಲ್ಲಿ ಇಟ್ಟುಕೊಳ್ಳಿ. ನಮ್ಮದು ದೊಡ್ಡ ಪೆಟ್ಟಿಗೆಯ ತಳದಲ್ಲಿ, ಉಪ್ಪಿನಕಾಯಿ ಭರಣಿಯ ಸುತ್ತ ಸುತ್ತಿಕೊಂಡಿತ್ತು.

ಇತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಎಂಜಿನಿಯರ್
ಶಿವಮೊಗ್ಗ