ಬಿಲ್ಲಿಗೆ ಕಿತ್ತಾಡುತ್ತಿದ್ದ ಕಾಲ: ಸಕಲೇಶಪುರದ ಗೆಳೆಯನಿಗೊಂದು ಪತ್ರ

ಬೆಂಗಳೂರು
ಅಕ್ಟೋಬರ್ 2025

ಪ್ರೀತಿಯ ಸತೀಶ,

ಮೊನ್ನೆ ಫೋನಿನಲ್ಲಿ ನೀನು "ದೀಪಾವಳಿಗೆ ಬಾ ಮಾರಾಯ, ಬರುವಾಗ ಒಂದು ಒಳ್ಳೇ ಬಾಟ್ಲಿ ಹಿಡ್ಕೊಂಡು ಬಾ" ಅಂದೆ. ನಾನೂ ಜೋರಾಗಿ ಹೂಂ ಅಂದೆ. ಫೋನ್ ಇಟ್ಟ ಮೇಲೆ ಸುಮ್ನೆ ಲೆಕ್ಕ ಹಾಕಿದೆ. ಲೆಕ್ಕ ಹಾಕಬಾರದಿತ್ತು.

ಹೋದ ಶನಿವಾರದ ಕಥೆ ಹೇಳುತ್ತೇನೆ ಕೇಳು. ಆಫೀಸಿನ ಗೆಳೆಯನೊಬ್ಬನ ಜೊತೆ ನಮ್ಮ ಹಳೆಯ ಬಾರ್‌ಗೆ ಹೋಗಿದ್ದೆ. ಅದೇ ಕೆಂಪು ದೀಪ, ಅದೇ ಅಲುಗಾಡುವ ಟೇಬಲ್. ಇಬ್ಬರಿಗೆ ಎರಡೆರಡು ಬಿಯರ್, ಒಂದು ಮಸಾಲೆ ಕಡ್ಲೆಬೀಜ, ಒಂದು ಎಗ್ ಬುರ್ಜಿ. ಸ್ಟೀಲ್ ತಟ್ಟೆಯಲ್ಲಿ ಸೋಂಪಿನ ಜೊತೆ ಬಿಲ್ಲು ಬಂತು. 1,140 ರೂಪಾಯಿ. ಇಬ್ಬರೂ ಒಟ್ಟಿಗೆ ತಟ್ಟೆಗೆ ಕೈ ಹಾಕಿದೆವು. ಸೋಂಪು ತಗೊಂಡೆವು. ಚೀಟಿಯನ್ನು ಯಾರೂ ಮುಟ್ಟಲಿಲ್ಲ.

ನಾನು ಸೋಂಪು ಅಗಿಯುತ್ತಾ ಫ್ಯಾನ್ ನೋಡಿದೆ. ಅವನು ಮೊಬೈಲ್ ನೋಡಿದ. ಕೊನೆಗೆ ಅವನೇ "ಅರ್ಧರ್ಧ ಮಾಡೋಣ ಅಲ್ವಾ ಸಾರ್?" ಅಂದ. ತಲೆಗೆ 570. ವೇಟರ್ ಸ್ಕ್ಯಾನರ್ ಹಿಡಿದು ನಿಂತ, ಎರಡು ಸಲ ಟಿಂಗ್ ಅಂತು. ಅವನೇನೂ ಜುಗ್ಗ ಅಲ್ಲ ಕಣೋ. ಮಗಳನ್ನು ಈ ವರ್ಷ ಪಿಯುಸಿಗೆ ಸೇರಿಸಿದ್ದಾನೆ, ಅಷ್ಟೇ. ನನ್ನ ಕಥೆ ನಿನಗೆ ಗೊತ್ತೇ ಇದೆ.

ನಾವು ಹೇಗೆ ಕಿತ್ತಾಡುತ್ತಿದ್ದೆವು, ನೆನಪಿದೆಯಾ? ಬಿಲ್ಲು ಬರುವ ಮುಂಚೆಯೇ ನೀನು ಟಾಯ್ಲೆಟ್‌ಗೆ ಅಂತ ಎದ್ದು ಹೋಗಿ, ವೇಟರ್ ಜೇಬಿಗೆ ಐನೂರರ ನೋಟು ತುರುಕಿ ಬರುತ್ತಿದ್ದೆ. ನಾನು ಬಂದು ಕ್ಯಾಷಿಯರ್ ಹತ್ತಿರ ಜಗಳ ಆಡುತ್ತಿದ್ದೆ. ಒಂದು ಸಲ ನನ್ನ ಅಂಗಿಯ ಗುಂಡಿಯೇ ಕಿತ್ತು ಬಂತು. ಆಗ ನಮ್ಮಿಬ್ಬರ ಸಂಬಳ ಸೇರಿಸಿದರೂ ಈಗಿನ ನನ್ನ ಬಾಡಿಗೆಗೆ ಸಾಲುತ್ತಿರಲಿಲ್ಲ. ಆದರೂ "ನಾನೇ ಕೊಡ್ತೀನಿ" ಅನ್ನುವ ಧೈರ್ಯ ಇತ್ತು ನೋಡು.

ಬಿಯರ್ ಇಷ್ಟೇಕೆ ಏರಿತು ಅಂತ ಕಾಫಿ ತೋಟದಲ್ಲಿರುವ ನಿನಗೆ ಗೊತ್ತಿರಲಿಕ್ಕಿಲ್ಲ. 2023ರ ಜುಲೈ ಬಜೆಟ್‌ನಲ್ಲಿ ಬಿಯರ್ ಮೇಲಿನ ಹೆಚ್ಚುವರಿ ಅಬಕಾರಿ ಸುಂಕ ಶೇ 175 ಇದ್ದದ್ದು 185 ಆಯಿತು. ವಿಸ್ಕಿ, ಬ್ರಾಂದಿ, ರಮ್ಮಿಗೆ ಎಲ್ಲಾ 18 ಸ್ಲ್ಯಾಬ್‌ಗಳಲ್ಲೂ, ಅಂದರೆ ಬೆಲೆಯ ಹಂತಗಳಲ್ಲೂ, ಸುಂಕ ಶೇ 20 ಏರಿಸಿದರು. 2024ರ ಆರಂಭದಲ್ಲಿ ಬಿಯರ್ ಸುಂಕ 195ಕ್ಕೆ ಹೋಯಿತು. 2025ರ ಜನವರಿ 20ರಿಂದ ಮತ್ತೆ ದರ ಏರಿತು. ಅಂದರೆ ಮಾಲಿಗಿಂತ ಸುಂಕವೇ ದೊಡ್ಡದು. ಹಗ್ಗಕ್ಕೆ ಎಮ್ಮೆಯ ರೇಟು ಅಂದ ಹಾಗೆ.

ಇದರ ಮಧ್ಯೆ ಒಂದು ತಮಾಷೆ. 2024ರ ಆಗಸ್ಟ್ ಕೊನೆಯಲ್ಲಿ ಸ್ಲ್ಯಾಬ್‌ಗಳನ್ನು 16ಕ್ಕೆ ಇಳಿಸಿ, ದುಬಾರಿ ಬ್ರ್ಯಾಂಡ್‌ಗಳ ಬೆಲೆ ಕಮ್ಮಿ ಮಾಡಿದರು. ಪಕ್ಕದ ರಾಜ್ಯಗಳ ದರಕ್ಕೆ ಸಮ ಮಾಡಬೇಕಿತ್ತಂತೆ. ಕಾರಿನಲ್ಲಿ ಬಂದು ಸ್ಕಾಚ್ ಒಯ್ಯುವವನಿಗೆ ಅಗ್ಗ, ಬಸ್ಸಿಳಿದು ಬಿಯರ್ ಕೇಳುವವನಿಗೆ ಜಾಸ್ತಿ! ನೀನು "ಒಳ್ಳೇ ಬಾಟ್ಲಿ" ಅಂದೆಯಲ್ಲ, ನಿನಗೆ ಈ ಗುಟ್ಟು ಮೊದಲೇ ಗೊತ್ತಿತ್ತೋ ಏನೋ.

ಸೆಪ್ಟೆಂಬರ್ 22ಕ್ಕೆ ಜಿಎಸ್‌ಟಿ ಇಳಿದಾಗ ನಮ್ಮ ಆಫೀಸಿನ ಹುಡುಗನೊಬ್ಬ ಕುಣಿಯುತ್ತಾ ಬಂದ. "ಸಾರ್, ಬಿಸ್ಕತ್ತು, ತುಪ್ಪ ಎಲ್ಲಾ ಇಳೀತು, ಬಿಯರ್ ಎಷ್ಟಾಗತ್ತೆ?" ಕುಡಿಯುವ ಮದ್ಯ ಜಿಎಸ್‌ಟಿ ಒಳಗೆ ಬರುವುದೇ ಇಲ್ಲ, ಅದು ರಾಜ್ಯದ ಕೈಯಲ್ಲಿದೆ ಅಂದೆ. ಪಾಪ, ಅವನ ಮುಖ ನೋಡಬೇಕಿತ್ತು. ರಾಜ್ಯ ಅದನ್ನು ಹೇಗೆ ಬಿಟ್ಟುಕೊಟ್ಟೀತು ಹೇಳು? 2025-26ಕ್ಕೆ ಅಬಕಾರಿಯಿಂದಲೇ 40,000 ಕೋಟಿ ರೂಪಾಯಿ ಗುರಿ ಇಟ್ಟಿದ್ದಾರೆ. ಮಾರ್ಚ್‌ನಲ್ಲಿ ತುರುವೇಕೆರೆ ಶಾಸಕ ಎಂ.ಟಿ. ಕೃಷ್ಣಪ್ಪ ವಿಧಾನಸಭೆಯಲ್ಲೇ ಎದ್ದು, ಹೆಂಗಸರಿಗೆ ಅಷ್ಟೆಲ್ಲ ಕೊಡುತ್ತೀರಿ, ಕುಡಿಯುವ ಗಂಡಸರಿಗೆ ವಾರಕ್ಕೆ ಎರಡು ಬಾಟಲಿ ಫ್ರೀ ಕೊಡಿ ಅಂದಿದ್ದರಲ್ಲ. ಊರೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ಒಂದು ಕ್ಷಣ, ಕೊಟ್ಟರೆ ಕೊಡಲಿ ಅನ್ನಿಸಿದ್ದು ಸುಳ್ಳಲ್ಲ.

ಆದರೆ ನಮ್ಮ ಬೀದಿ ಕೊನೆಯಲ್ಲಿ ಗಾರೆ ಕೆಲಸ ಮಾಡುವವರನ್ನು ನೋಡಿದರೆ ನನ್ನ ಗೋಳು ಏನೂ ಅಲ್ಲ. ಸಂಜೆ ಎಂಆರ್‌ಪಿ ಅಂಗಡಿ ಮುಂದೆ ನೈಂಟಿ ಟೆಟ್ರಾ ಪ್ಯಾಕ್ ಕತ್ತರಿಸಿ, ಅಲ್ಲೇ ನೀರಿನ ಪ್ಯಾಕೆಟ್ ಬೆರೆಸಿ, ಎರಡು ಗುಟುಕಿಗೆ ಮುಗಿಸುತ್ತಾರೆ. 2007ರ ಜುಲೈ 1ರಿಂದ ಸಾರಾಯಿ ನಿಂತಾಗ ಹೆಂಡತಿ ಮಕ್ಕಳು ಬದುಕಿದರು ಅಂದುಕೊಂಡಿದ್ದೆವು. ಸಾರಾಯಿ ಪ್ಯಾಕೆಟ್ ಹೋಯಿತು, ಟೆಟ್ರಾ ಪ್ಯಾಕೆಟ್ ಬಂತು. ಬೆಲೆ ಏರಿದರೆ ಕುಡಿಯುವುದು ಕಮ್ಮಿಯಾಗುತ್ತದೆ ಅಂತ ಹೇಳುವವರಿದ್ದಾರೆ. ನನ್ನಂಥವನಿಗೆ ಹೌದು, ಕಮ್ಮಿಯಾಗಿದೆ. ಅಲ್ಲಿಯ ಮೇಸ್ತ್ರಿಯನ್ನು ಕೇಳಿದೆ. "ಎಣ್ಣೆ ಕಮ್ಮಿ ಆಗಿಲ್ಲ ಸ್ವಾಮಿ, ಮನೇಗೆ ಒಯ್ಯೋ ಮೀನು ಕಮ್ಮಿ ಆಗಿದೆ" ಅಂದ. ಏನು ಹೇಳಬೇಕೋ ಗೊತ್ತಾಗದೆ ಬಂದುಬಿಟ್ಟೆ.

ಸರಿ, ಎಣ್ಣೆ ಬಿಡು. ಕಾಫಿಗೆ ಬರೋಣ. ಇಲ್ಲಿ ನೀನು ಆರೋಪಿ.

ನಮ್ಮ ದರ್ಶಿನಿಯಲ್ಲಿ ಕಾಫಿ 12 ಇದ್ದದ್ದು 20 ಆಗಿದೆ. ಲೋಟವೂ ಚಿಕ್ಕದಾಗಿದೆ, ನೊರೆ ಮಾತ್ರ ಮೊದಲಿನಷ್ಟೇ. ಪುಡಿ ಅಂಗಡಿಯವನು ಮೊದಲು "80-20 ತಾನೇ?" ಅಂತ ಕೇಳಿ ತೂಗುತ್ತಿದ್ದ, ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಈಗ ನಾನು ಬಾಯಿ ತೆರೆಯುವ ಮೊದಲೇ "60-40 ಟ್ರೈ ಮಾಡಿ ಸಾರ್, ಗೊತ್ತೇ ಆಗಲ್ಲ" ಅನ್ನುತ್ತಾನೆ. ಗೊತ್ತಾಗುತ್ತದೆ ಕಣೋ. ಡಿಕಾಕ್ಷನ್ ಕಪ್ಪಗೆ ಮಂದವಾಗಿ ಇಳಿಯುತ್ತದೆ, ವಾಸನೆ ಮಾತ್ರ ಅಡುಗೆಮನೆ ದಾಟುವುದಿಲ್ಲ. ಕಾನೂನು ಪ್ರಕಾರ ಪುಡಿಯಲ್ಲಿ ಶೇ 51 ಆದರೂ ಕಾಫಿ ಇರಲೇಬೇಕು. ಇಲ್ಲದಿದ್ದರೆ ಇಷ್ಟು ಹೊತ್ತಿಗೆ ನಾವೆಲ್ಲ ಬರೀ ಚಿಕೋರಿ ಬೇರು ಕುಡಿಯುತ್ತಿದ್ದೆವು. ಹೋದ ವಾರ 80-20 ಕಾಲು ಕೆಜಿಗೆ 260 ಕೊಟ್ಟು ಬಂದೆ. ಹೆಂಡತಿ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿದ್ದಾಳೆ. ಒಳಗಡೆಯ ಚಮಚವೂ ಬದಲಾಗಿದೆ, ಮೊದಲಿನದಕ್ಕಿಂತ ಸಣ್ಣದು. ನಾನು ಗಮನಿಸಿಲ್ಲ ಅಂದುಕೊಂಡಿದ್ದಾಳೆ.

ಬ್ರೆಜಿಲ್‌ನಲ್ಲಿ, ವಿಯೆಟ್ನಾಂನಲ್ಲಿ ಮಳೆ ಕೈಕೊಟ್ಟರೆ ವಿಜಯನಗರದಲ್ಲಿ ನನ್ನ ಲೋಟ ಚಿಕ್ಕದಾಗುತ್ತದೆ. ಈ ವರ್ಷದ ಮೊದಲಲ್ಲಿ ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣು ಸುಲಿದು ತೊಳೆದು ಒಣಗಿಸಿದ ಬೀಜ) 50 ಕೆಜಿ ಮೂಟೆಗೆ 25 ಸಾವಿರ ದಾಟಿದಾಗ ನೀನು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದೆ. ದನಿಯಲ್ಲೇ ಖುಷಿ ಗೊತ್ತಾಗುತ್ತಿತ್ತು. ನನಗೆ ಒಂದು ಚೂರೂ ಹೊಟ್ಟೆಕಿಚ್ಚು ಆಗಲಿಲ್ಲ. 2001ರ ಹೊತ್ತಿಗೆ ಬೆಲೆ ನೆಲಕಚ್ಚಿದಾಗ ನಿಮ್ಮಪ್ಪ ಕಣದ ಪಕ್ಕ ಸುಮ್ಮನೆ ಕೂತಿದ್ದನ್ನು ನಾನೂ ನೋಡಿದ್ದೇನೆ. ಆಳಿನ ಕೂಲಿ, ಗೊಬ್ಬರ, ಬೋರರ್ ಹುಳುವಿನ ಕಾಟ, ಮಳೆಗೆ ಉದುರುವ ಕಾಯಿ, ಇದೆಲ್ಲ ನೀನು ಹೇಳಿ ಹೇಳಿ ನನಗೆ ಬಾಯಿಪಾಠವಾಗಿದೆ. ಹಾಗಾಗಿ ಕಾಫಿಗೆ ಕೊಡುವ ದುಡ್ಡಿನ ಬಗ್ಗೆ ನನಗೆ ಬಿಯರಿನಷ್ಟು ಉರಿ ಇಲ್ಲ. ಇದರಲ್ಲಿ ಸ್ವಲ್ಪವಾದರೂ ನಿನ್ನ ಕಣಕ್ಕೆ ಬರುತ್ತದೆ ಅಂತ ಸಮಾಧಾನ.

ಆದರೂ ಒಂದು ವಿಷಯ. ಬೈಟು ಕಾಫಿ ಹೇಳುವಾಗ ಮೊದಲು ಒಂಥರಾ ಗತ್ತು ಇತ್ತು. ಹೊಟ್ಟೆ ತುಂಬಿದೆ, ಆದರೂ ನಿನ್ನ ಜೊತೆ ನಿಂತು ಎರಡು ಮಾತಾಡಬೇಕು ಅನ್ನುವುದಕ್ಕೆ ಬೈಟು. ಈಗ ಕೌಂಟರ್ ಮುಂದೆ ನಿಂತು ಬೋರ್ಡ್ ನೋಡಿ, ಆಮೇಲೆ ಬೈಟು ಅನ್ನುತ್ತೇವೆ. ಪದ ಅದೇ, ಕ್ಯಾಷಿಯರ್‌ಗೂ ವ್ಯತ್ಯಾಸ ಗೊತ್ತು.

ಮಿಕ್ಕಿದ್ದು ಹೇಳಿ ನಿನ್ನ ತಲೆ ತಿನ್ನುವುದಿಲ್ಲ. ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಫೆಬ್ರವರಿಯಲ್ಲಿ ಮೆಟ್ರೋ ಗರಿಷ್ಠ ದರ 60ರಿಂದ 90 ಆಯಿತು. ಸಿನಿಮಾ ಟಿಕೆಟ್‌ಗೆ 200ರ ಮಿತಿ ಅಂತ ಆದೇಶ ಬಂತು, ನಾವು ಯಾವ ಸಿನಿಮಾ ಅಂತ ಜಗಳ ಆಡುವಷ್ಟರಲ್ಲಿ ಹೈಕೋರ್ಟ್ ತಡೆ ಕೊಟ್ಟಿತು.

ದೀಪಾವಳಿಗೆ ಖಂಡಿತ ಬರುತ್ತೇನೆ, ಅರೇಬಿಕಾ ಕೊಯ್ಲು ಶುರುವಾದರೆ ನೀನು ಕೈಗೆ ಸಿಗುವುದಿಲ್ಲ. ಬಾಟಲಿ ತರುತ್ತೇನೆ. ಒಳ್ಳೇದೋ ಅಲ್ಲವೋ ಆ ದಿನದ ಜೇಬು ನೋಡಿ. ನೀನು ಚಿಕೋರಿ ಸೋಕದ ಪುಡಿ ಎರಡು ಕೆಜಿ ತೆಗೆದಿಡು. ದುಡ್ಡು ಕೊಡುತ್ತೇನೆ. ನೀನು ಬೇಡ ಅನ್ನು, ನಾನು ನಿನ್ನ ಜೇಬಿಗೆ ತುರುಕುತ್ತೇನೆ, ನೀನು ವಾಪಸ್ ನನ್ನ ಬ್ಯಾಗಿಗೆ ಹಾಕು. ನಿನ್ನ ಹೆಂಡತಿ ಒಳಗಿನಿಂದ ಬಂದು ಬೈಯುವವರೆಗೆ ಬಿಡುವುದು ಬೇಡ. ಹಳೇ ಅಂಗಿ ಹಾಕಿಕೊಂಡೇ ಬರುತ್ತೇನೆ.

ಇಂತಿ ನಿನ್ನ
ರಮೇಶ

ತಾ.ಕ.: ಇವಳೂ ಬರುತ್ತಿದ್ದಾಳೆ. ಸಾಮಾನ್ಯ ಬಸ್ಸಿನಲ್ಲೇ ಬರುವುದು ಅಂತ ಆಗಲೇ ತೀರ್ಮಾನ ಮಾಡಿದ್ದಾಳೆ. ಅವಳಿಗೆ ಫ್ರೀ. ನನಗೆ ಜನವರಿಯಿಂದ ಶೇ 15 ಜಾಸ್ತಿ.