ತಂಗಳೋ ಬುತ್ತಿಯೋ: ಗಿಲಿಯನ್ ವೆಲ್ಚ್‌ರ ಅಟ್ಟದ ಹಾಡುಗಳ ಬಗ್ಗೆ ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ನಾವೆಲ್ಲ ಕ್ಷೇಮ. ಕಳೆದ ವಾರ ಫೋನಿನಲ್ಲಿ ನೀನು ಅಂದ ಮಾತೊಂದು ಅಂದಿನಿಂದ ನನ್ನನ್ನು ಬಿಟ್ಟಿಲ್ಲ. ಹಾಡುಗಾರರು ತಾವೇ ಬದಿಗಿಟ್ಟ ಹಾಡುಗಳನ್ನು ಹದಿನೆಂಟು ವರ್ಷಗಳ ಮೇಲೆ ತೆಗೆದು ಆಲ್ಬಮ್ ಎಂದು ಹೊರಡಿಸುವುದು ತಂಗಳನ್ನಕ್ಕೆ ಒಗ್ಗರಣೆ ಹಾಕಿ ಚಿತ್ರಾನ್ನ ಎಂದು ಬಡಿಸಿದ ಹಾಗೆ ಎಂದು ನೀನು ನಕ್ಕೆ. ಆಗ ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ, ನಿನ್ನ ಬಸ್ಸೂ ಬಂತು. ಆದ್ದರಿಂದ ಉತ್ತರವನ್ನು ಪತ್ರದಲ್ಲೇ ಬರೆಯುತ್ತಿದ್ದೇನೆ. ನಮ್ಮಂತೆ ಈ ಹಾಡುಗಳ ಹಿಂದೆ ಬಿದ್ದವರು ಇನ್ನೂ ಕೆಲವರಿರುವುದರಿಂದ ಎಲ್ಲರೂ ಓದುವಂತೆ ಹಂಚಿಕೊಳ್ಳುತ್ತೇನೆ, ನೀನು ಬೇಸರಿಸಬೇಡ.

ನಾವು ಮಾತಾಡುತ್ತಿದ್ದದ್ದು ಅಮೆರಿಕದ ಜನಪದ ಧಾಟಿಯ ಹಾಡುಗಾರ್ತಿ ಗಿಲಿಯನ್ ವೆಲ್ಚ್ ಅವರ 'ಬೂಟ್ಸ್ ನಂಬರ್ 2: ದಿ ಲಾಸ್ಟ್ ಸಾಂಗ್ಸ್' ಕುರಿತು. (ನೀನು 'ಜಿಲಿಯನ್' ಎನ್ನುತ್ತೀಯೆ, ಅವರು ತಮ್ಮ ಹೆಸರನ್ನು 'ಗ'ಕಾರದಿಂದಲೇ ಉಚ್ಚರಿಸುತ್ತಾರೆ.) 2020ರ ಜುಲೈ, ಸೆಪ್ಟೆಂಬರ್ ಮತ್ತು ನವೆಂಬರ್ ತಿಂಗಳುಗಳಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಈ ಸಂಗ್ರಹದಲ್ಲಿ ಒಟ್ಟು 48 ಹಾಡುಗಳಿವೆ. ಅವುಗಳನ್ನು ಧ್ವನಿಮುದ್ರಿಸಿದ್ದು 2002ರ ಡಿಸೆಂಬರಿನ ಒಂದು ವಾರಾಂತ್ಯದಲ್ಲಿ. ವಾರಾಂತ್ಯವನ್ನು ಎರಡು ದಿನವೆಂದು ಹಿಡಿದರೆ, ಊಟ ನಿದ್ದೆ ಬಿಟ್ಟು ಕುಳಿತರೂ ಗಂಟೆಗೊಂದು ಹಾಡಾಯಿತು. ಅದಕ್ಕೆ ಒಂದೂವರೆ ವರ್ಷ ಮೊದಲು, 2001ರಲ್ಲಿ, ಇದೇ ವೆಲ್ಚ್ ಮತ್ತು ಅವರ ಜೊತೆಗಾರ ಡೇವಿಡ್ ರಾಲಿಂಗ್ಸ್ 'ಟೈಮ್ (ದಿ ರೆವೆಲೇಟರ್)' ಎಂಬ ಆಲ್ಬಮಿನಲ್ಲಿ ಕೇವಲ ಹತ್ತು ಹಾಡು ಕೊಟ್ಟಿದ್ದರು, ಅದರ ಕೊನೆಯ ಹಾಡೊಂದೇ ಹದಿನಾಲ್ಕು ನಿಮಿಷ ಮೀರುತ್ತದೆ. ಅಷ್ಟು ನಿಧಾನದ ಜನ ಇಷ್ಟು ಅವಸರಕ್ಕೆ ಬಿದ್ದದ್ದೇಕೆ ಎಂಬಲ್ಲಿಂದಲೇ ನನ್ನ ಉತ್ತರ ಶುರುವಾಗುತ್ತದೆ.

ಕಾರಣ ಒಂದು ಕರಾರು. ಅಮೆರಿಕದ ಹಳ್ಳಿಗಾಡಿನ ಹಾಡುಗಳ ಉದ್ಯಮಕ್ಕೆ ಹೆಸರಾದ ನ್ಯಾಶ್‌ವಿಲ್‌ನಲ್ಲಿ ಹಾಡು ಬರೆಯುವವರು ಪ್ರಕಾಶನ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಳ್ಳುವುದು ವಾಡಿಕೆ. ಪ್ರಕಾಶನವೆಂದರೆ ನಮ್ಮಲ್ಲಿಯಂತೆ ಅಚ್ಚು ಹಾಕುವುದಲ್ಲ. ಹಾಡಿನ ಹಕ್ಕನ್ನು ನೋಡಿಕೊಂಡು, ಅದನ್ನು ಬೇರೆ ಗಾಯಕರ ಮುಂದಿಟ್ಟು ಹಾಡಿಸಿ, ಬಂದ ಗೌರವಧನದಲ್ಲಿ ಪಾಲು ಪಡೆಯುವ ವ್ಯವಹಾರ ಅದು. ಸಂಸ್ಥೆ ಮುಂಗಡ ಹಣ ಕೊಡುತ್ತದೆ, ಬರೆಯುವವರು ಅದಕ್ಕೆ ಪ್ರತಿಯಾಗಿ ಇಂತಿಷ್ಟು ಹಾಡು ಒಪ್ಪಿಸಬೇಕು. ಒಪ್ಪಿಸುವ ತನಕ ಬಿಡುಗಡೆಯಿಲ್ಲ. ವೆಲ್ಚ್ ಮತ್ತು ರಾಲಿಂಗ್ಸ್ ಆ ಹೊತ್ತಿಗಾಗಲೇ 'ಅಕೋನಿ' ಎಂಬ ಸ್ವಂತ ಕಂಪನಿ ಕಟ್ಟಿಕೊಂಡು ತಮ್ಮ ಕೆಲಸಕ್ಕೆ ತಾವೇ ಒಡೆಯರಾಗಿದ್ದರು, ಹಳೆಯ ಕರಾರಿನ ಬಾಕಿ ಮಾತ್ರ ಕಾಲಿಗೆ ತೊಡರುತ್ತಿತ್ತು. ಆದ್ದರಿಂದ ಅರ್ಧಕ್ಕೆ ನಿಂತ ಸಾಲುಗಳಿದ್ದ ನೋಟುಪುಸ್ತಕಗಳನ್ನೆಲ್ಲ ಹರಡಿಕೊಂಡು, ಒಂದೊಂದನ್ನೇ ಪೂರ್ತಿ ಮಾಡಿ, ಹಾಡಿ, ಟೇಪಿಗೆ ಹತ್ತಿಸಿ, ಬಾಕಿ ತೀರಿಸಿ ಕೈ ತೊಳೆದುಕೊಂಡರು.

ನೋಡು, ನಿನ್ನ ತಂಗಳಿನ ಉಪಮೆ ನನಗೆ ಸರಿಹೋಗದಿರುವುದು ಇಲ್ಲಿ. ತಂಗಳೆಂದರೆ ಎಲ್ಲರೂ ಉಂಡ ಮೇಲೆ ಉಳಿದದ್ದು. ಈ ಹಾಡುಗಳನ್ನಾದರೋ ಅವರು ತಮ್ಮ ಯಾವ ಆಲ್ಬಮಿನ ಪಂಕ್ತಿಗೂ ಬಡಿಸಿರಲಿಲ್ಲ, ಯಾವ ಆಲ್ಬಮಿನಿಂದಲೂ ಇವು ಸೋತು ಹಿಂದೆ ಬಂದವಲ್ಲ. ಪ್ರಯಾಣಕ್ಕೆಂದು ಬೇಗಬೇಗ ಕಟ್ಟಿದ ಬುತ್ತಿ, ಊರು ತಲುಪಿದ ಮೇಲೆ ಗಂಟು ಬಿಚ್ಚದೆ ಮೂಲೆಯಲ್ಲೇ ಉಳಿದಂತೆ ಇವು ಉಳಿದವು. (ಹದಿನೆಂಟು ವರ್ಷದ ಬುತ್ತಿಯನ್ನು ಯಾರು ತಿನ್ನುತ್ತಾರೆ ಎಂದು ನೀನು ಕೇಳುತ್ತೀಯೆ. ಉಪಮೆಯನ್ನು ಅಷ್ಟು ದೂರ ಎಳೆಯಬೇಡ.)

ವೆಲ್ಚ್ ಅವರ ಹಿನ್ನೆಲೆ ನಿನಗೆ ಗೊತ್ತಿರುವುದೇ. 1967ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿ, ಟಿವಿ ಕಾರ್ಯಕ್ರಮಗಳಿಗೆ ಹಾಡು ಬರೆಯುತ್ತಿದ್ದ ದಂಪತಿಗೆ ದತ್ತುಮಗಳಾಗಿ, ಲಾಸ್ ಏಂಜಲೀಸಿನಲ್ಲಿ ಬೆಳೆದು, ಬಾಸ್ಟನ್ನಿನ ಬರ್ಕ್ಲೀ ಸಂಗೀತ ಕಾಲೇಜಿನಲ್ಲಿ ರಾಲಿಂಗ್ಸ್ ಅವರನ್ನು ಕಂಡು, 1992ರಲ್ಲಿ ನ್ಯಾಶ್‌ವಿಲ್ ಸೇರಿದವರು. 1996ರಲ್ಲಿ ಅವರ ಮೊದಲ ಆಲ್ಬಮ್ 'ರಿವೈವಲ್' ಬಂದಾಗ, ನಗರದ ಹುಡುಗಿ ಅಪಲೇಚಿಯ ಬೆಟ್ಟಗಾಡಿನ ಬಡವರ ಹಾಡು ಹಾಡುವುದು ವೇಷ ಹಾಕಿದಂತಲ್ಲವೇ ಎಂದು ಕೆಲವು ವಿಮರ್ಶಕರು ಕೆಣಕಿದರು. ಕೃಷ್ಣನ ಪಾತ್ರ ಮಾಡುವವನು ಗೋಕುಲದಲ್ಲೇ ಹುಟ್ಟಿರಬೇಕೇ ಎಂದು ನೀನು ಆಗ ಅಂದದ್ದು ನನಗಿನ್ನೂ ನೆನಪಿದೆ. ಆ ವಿಚಾರ ಅಲ್ಲಿಗೇ ಇರಲಿ.

ಹಾಡುಗಳು ಮತ್ತೆ ಹೊರಬಂದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಪೂರ್ವ ನ್ಯಾಶ್‌ವಿಲ್‌ನಲ್ಲಿ ವುಡ್‌ಲ್ಯಾಂಡ್ ಎಂಬ ಸ್ಟುಡಿಯೋ ಇದೆ. ಮೊದಲು ಸಿನಿಮಾ ಟಾಕೀಸಾಗಿದ್ದ ಕಟ್ಟಡದಲ್ಲಿ 1967ರಲ್ಲಿ ಅದನ್ನು ತೆರೆದವರು ಗ್ಲೆನ್ ಸ್ನಾಡಿ ಎಂಬ ಧ್ವನಿಮುದ್ರಣ ಎಂಜಿನಿಯರ್. ನಿಟಿ ಗ್ರಿಟಿ ಡರ್ಟ್ ಬ್ಯಾಂಡ್ ಎಂಬ ತಂಡದವರು ಹಳ್ಳಿಗಾಡಿನ ಹಾಡುಗಳ ಹಳೆಯ ತಲೆಮಾರಿನ ಮಹನೀಯರನ್ನು ಕೂಡಿಸಿಕೊಂಡು 1971ರಲ್ಲಿ ತಮ್ಮ ಪ್ರಸಿದ್ಧ ಮೂರು ತಟ್ಟೆಗಳ ಆಲ್ಬಮನ್ನು ಮುದ್ರಿಸಿದ್ದು ಅಲ್ಲಿಯೇ. ಅದನ್ನು ವೆಲ್ಚ್ ಮತ್ತು ರಾಲಿಂಗ್ಸ್ ಕೊಂಡು ತಮ್ಮ ಕಾರ್ಯಸ್ಥಾನ ಮಾಡಿಕೊಂಡರು. ವಾದ್ಯಗಳು, ಯಂತ್ರಗಳು, ಅಷ್ಟು ವರ್ಷಗಳ ಮೂಲ ಟೇಪುಗಳು ಎಲ್ಲವೂ ಅಲ್ಲಿದ್ದವು. 2020ರ ಮಾರ್ಚ್ 3ರ ಮಧ್ಯರಾತ್ರಿ ಕಳೆದ ಮೇಲೆ ಸುಂಟರಗಾಳಿಯೊಂದು ನಗರವನ್ನು ಸೀಳಿಕೊಂಡು ಹೋಯಿತು. ಆ ರಾತ್ರಿ ಟೆನೆಸ್ಸಿ ರಾಜ್ಯದಲ್ಲಿ ಎದ್ದ ಸುಂಟರಗಾಳಿಗಳಿಗೆ 25 ಜನ ಬಲಿಯಾದರು. ವುಡ್‌ಲ್ಯಾಂಡಿನ ಮಾಡು ಕಿತ್ತುಹೋಯಿತು, ತೆರೆದ ಕಟ್ಟಡದೊಳಕ್ಕೆ ಮಳೆ ಸುರಿಯತೊಡಗಿತು. ವಿದ್ಯುತ್ತಿಲ್ಲದ ಕತ್ತಲಲ್ಲಿ, ನೀರು ಸೋರುತ್ತಿರುವಾಗಲೇ, ಇಬ್ಬರೂ ಓಡಿ ಬಂದು ಗಿಟಾರುಗಳನ್ನೂ ಟೇಪಿನ ಪೆಟ್ಟಿಗೆಗಳನ್ನೂ ಹೊತ್ತು ಹೊತ್ತು ಒದ್ದೆಯಿಲ್ಲದ ಜಾಗಕ್ಕೆ ಸಾಗಿಸಿದರು.

ಹಾಗೆ ಉಳಿದವುಗಳಲ್ಲಿ ಈ 48 ಹಾಡುಗಳೂ ಸೇರಿದ್ದವು. ಒಂದು ರಾತ್ರಿಯಲ್ಲಿ ಇಲ್ಲವಾಗಿಬಿಡಬಹುದಾಗಿದ್ದದ್ದನ್ನು ಇನ್ನು ಮುಚ್ಚಿಟ್ಟುಕೊಂಡು ಕೂರುವುದರಲ್ಲಿ ಅರ್ಥವಿಲ್ಲ ಎಂದು ಅವರಿಗೆ ಅನ್ನಿಸಿತು. ಅಷ್ಟರಲ್ಲಿ ಕೋವಿಡ್ಡಿನ ದಿಗ್ಬಂಧನವೂ ಬಂತು, ಸಂಗೀತ ಕಛೇರಿಗಳು ನಿಂತವು, ಹಳೆಯ ಟೇಪು ತಿರುವಿ ಹಾಕಲು ಬಿಡುವೂ ಸಿಕ್ಕಿತು. ಅದೇ ಬಿಡುವಿನಲ್ಲಿ ಮನೆಯಲ್ಲೇ ಕುಳಿತು ಬೇರೆಯವರ ಹಾಡುಗಳನ್ನು ರೀಲ್ ಟೇಪಿಗೆ ಹಾಡಿ ಹೊರತಂದ ಮತ್ತೊಂದು ಆಲ್ಬಮಿಗೆ ಮರುವರ್ಷ ಗ್ರ್ಯಾಮಿ ಪ್ರಶಸ್ತಿ ಬಂದದ್ದು ನಿನಗೆ ಗೊತ್ತು.

ಈ ಭಾಗವನ್ನು ಮೊದಲ ಬಾರಿ ಓದಿದಾಗ ನನ್ನ ಕಣ್ಣ ಮುಂದೆ ನಿಂತದ್ದು ವುಡ್‌ಲ್ಯಾಂಡ್ ಅಲ್ಲ, ನಮ್ಮ ಹಳೆಯ ಬಾಡಿಗೆ ಮನೆಯ ಅಟ್ಟ. ನಿನ್ನ ಅಕ್ಕನ ಮದುವೆಯಲ್ಲಿ ನಿಮ್ಮಜ್ಜಿ ಹಾಡಿದ ಸೋಬಾನೆ ಪದಗಳನ್ನು ನಾವಿಬ್ಬರೂ ಟೇಪ್‌ರೆಕಾರ್ಡರ್ ಹಿಡಿದು ಅಡುಗೆಮನೆ ಬಾಗಿಲಲ್ಲಿ ಕುಳಿತು ಮುದ್ರಿಸಿದ್ದೆವಲ್ಲ, ಎರಡು ಕ್ಯಾಸೆಟ್. ಒಂದು ನಿನ್ನ ಬಳಿ ಉಳಿಯಿತು, ಇನ್ನೊಂದನ್ನು ನಾನು ತಂದೆ. ಆ ಮಳೆಗಾಲ ಹೆಂಚು ಸರಿದು ಅಟ್ಟದ ಟ್ರಂಕಿನೊಳಗೆ ನೀರಿಳಿದದ್ದು ನನಗೆ ದೀಪಾವಳಿಯ ಸುಣ್ಣ ಹೊಡೆಸುವಾಗಲೇ ತಿಳಿದದ್ದು. ಟೇಪಿನ ಮೇಲೆ ಬಿಳಿಯ ಬೂಷ್ಟು ಹಿಡಿದಿತ್ತು. ಪೆನ್ಸಿಲ್ ತೂರಿಸಿ ತಿರುಗಿಸಿದರೆ ಸುರುಳಿ ಒಂದಕ್ಕೊಂದು ಅಂಟಿಕೊಂಡು, ಕಂದು ಲೇಪ ಪುಡಿಯಾಗಿ ಬೆರಳಿಗೆ ಬಂತು. ನಿನಗೆ ಹೇಳಲು ನನಗೆ ಎರಡು ತಿಂಗಳು ಬೇಕಾಯಿತು. ಮುದ್ರಿಸುವಾಗ ನಿಮ್ಮಜ್ಜಿ, ಅರ್ಧ ಮರೆತುಹೋಗಿರುವುದನ್ನೆಲ್ಲ ಯಾಕ್ರೋ ಹಿಡಿದಿಡುತ್ತೀರಿ ಎಂದು ಗದರಿದ್ದರು. ಅವರ ದೃಷ್ಟಿಯಲ್ಲಿ ಅದು ತಂಗಳೇ. ಆದರೆ ಕ್ಯಾಸೆಟ್ ಹಾಳಾಯಿತೆಂದು ಹೇಳಿದಾಗ ನೀನು ಮಾತಿಲ್ಲದೆ ಎದ್ದುಹೋದೆ. ಅರ್ಧ ಮರೆತ ಪದಗಳು ತಾನೇ, ಹೋದರೆ ಹೋಗಲಿ ಎನ್ನಲಿಲ್ಲ.

ಇರಲಿ, ಹಾಡುಗಳಿಗೇ ಬರುತ್ತೇನೆ. ಹೆಚ್ಚಿನವು ಎರಡು ಮೂರು ನಿಮಿಷದವು. ಒಂದು ಕಂಠ, ಒಂದೆರಡು ಗಿಟಾರು, ಅಲ್ಲಲ್ಲಿ ರಾಲಿಂಗ್ಸ್ ಅವರ ಜೊತೆದನಿ, ಅಷ್ಟೇ. ಆಲ್ಬಮುಗಳಲ್ಲಿ ರಾಲಿಂಗ್ಸ್ ತಮ್ಮ 1935ರ ಎಪಿಫೋನ್ ಗಿಟಾರಿನಲ್ಲಿ ಸಾಲು ಸಾಲಿನ ನಡುವೆ ತೆಗೆಯುವ ಆ ಚೂಪಾದ ನುಡಿತಗಳನ್ನು ನೀನು ಮೆಚ್ಚಿದ್ದೀಯೆ. ಇಲ್ಲಿ ಅವರು ಬಹುಮಟ್ಟಿಗೆ ಹಿಂದೆ ಸರಿದು ನಿಲ್ಲುತ್ತಾರೆ, ಏಕೆಂದರೆ ಇದು ಮಾದರಿ ಮುದ್ರಣ. ಇನ್ನೊಬ್ಬ ಗಾಯಕ ಕೇಳಿ ಹಾಡಲಿ ಎಂದು ಪದವನ್ನೂ ಧಾಟಿಯನ್ನೂ ಬಿಡಿಸಿ ತೋರಿಸುವುದಷ್ಟೇ ಇದರ ಕೆಲಸ. ನನಗೆ ರುಚಿಸಿದ್ದು ಇದೇ. ಸಾಮಾನ್ಯವಾಗಿ ವೆಲ್ಚ್ ಪ್ರತಿ ಸ್ವರವನ್ನೂ ತೂಗಿ ನೋಡಿ ಇಡುವವರು. ಇಲ್ಲಿ ತೂಗಲು ಪುರುಸೊತ್ತಿಲ್ಲದೆ ಹಾಡು ಹುಟ್ಟಿದ ಬಿಸಿಯಲ್ಲೇ ಟೇಪಿಗೆ ಬಿದ್ದಿದೆ. ಯಕ್ಷಗಾನದ ಚೌಕಿಯಲ್ಲಿ ಅರ್ಧ ಬಣ್ಣ ಹಚ್ಚಿಕೊಂಡ ವೇಷಧಾರಿ ಮುಂದಿನ ಪದ್ಯವನ್ನು ತನ್ನಷ್ಟಕ್ಕೆ ಗುನುಗುವುದನ್ನು ಕೇಳಿದ್ದೇವಲ್ಲ, ರಂಗದ ಮೇಲಿನ ಪದ್ಯಕ್ಕಿಲ್ಲದ ಒಂದು ಸಲಿಗೆ ಅದಕ್ಕಿರುತ್ತದೆ.

ಮಾದರಿ ಮುದ್ರಣ ನಿಜವಾಗಿ ತನ್ನ ಕೆಲಸ ಮಾಡಿದ್ದಕ್ಕೆ ಒಂದು ಸಾಕ್ಷಿಯೂ ಇದೆ. ಮೊದಲ ಸಂಪುಟದಲ್ಲಿ 'ವ್ಯಾಲಿ ಆಫ್ ಟಿಯರ್ಸ್' ಎಂಬ ಹಾಡಿದೆ. ಈ ಸಂಗ್ರಹ ಬರುವುದಕ್ಕೆ ಹದಿನಾಲ್ಕು ವರ್ಷ ಮೊದಲೇ, 2006ರಲ್ಲಿ, ಅಮೆರಿಕದ ಕಪ್ಪುಜನರ 'ಸೋಲ್' ಸಂಗೀತದ ಹಿರಿಯ ಸಾಲಮನ್ ಬರ್ಕ್ ಅದನ್ನು ತಮ್ಮ 'ನ್ಯಾಶ್‌ವಿಲ್' ಆಲ್ಬಮಿನಲ್ಲಿ ಹಾಡಿದ್ದರು. ಬಡ್ಡಿ ಮಿಲ್ಲರ್ ನಿರ್ಮಿಸಿದ ಆ ಆಲ್ಬಮಿನಲ್ಲಿ ವೆಲ್ಚ್ ಅವರೂ ದನಿಗೂಡಿಸಿದ್ದಾರೆ. ಭಾರಿ ದೇಹದ ಬರ್ಕ್ ಕೊನೆಕೊನೆಗೆ ವೇದಿಕೆಯ ಮೇಲೆ ಸಿಂಹಾಸನದಲ್ಲಿ ಕುಳಿತು ಹಾಡುತ್ತಿದ್ದವರು. ಅವರ ಎದೆಯಿಂದ ಬಂದಾಗ ಈ ಹಾಡು ಚರ್ಚಿನ ಪ್ರಾರ್ಥನೆಯಂತೆ ದೊಡ್ಡದಾಗುತ್ತದೆ. ಮೂಲದಲ್ಲಿ ವೆಲ್ಚ್ ಅದನ್ನು ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಎಚ್ಚರವಾಗಬಾರದೆಂಬಂತೆ ಹಾಡುತ್ತಾರೆ. ಎರಡನ್ನೂ ಬೆನ್ನಿಗೆ ಬೆನ್ನು ಕೇಳು. ಬೀಜ ಮತ್ತು ಮರ ಎಂದು ಹೇಳಿ ಮುಗಿಸಬಹುದಿತ್ತು, ಆದರೆ ನನಗೆ ಬೀಜವೇ ಹೆಚ್ಚು ಹಿಡಿಸಿತು.

ಹಾಗೆಂದು 48ಕ್ಕೆ 48ನ್ನೂ ನಾನು ಹೊಗಳುವುದಿಲ್ಲ. ಕೆಲವು ಬರಿಯ ಕಸರತ್ತು. ಹಳ್ಳಿಯ ಹೆಸರೊಂದು, ಹುಡುಗಿಯ ಹೆಸರೊಂದು, ಮೂರು ಸ್ವರಮೇಳ ಕೂಡಿಸಿ ಲೆಕ್ಕಕ್ಕೆ ಇನ್ನೊಂದು ಸೇರಿಸಿದ್ದು ಎಂದು ಕೇಳಿದೊಡನೆ ತಿಳಿಯುತ್ತದೆ. ಎರಡನೆಯ ಸಂಪುಟದ ನಡುವೆ ನನಗೆ ತೂಕಡಿಕೆಯೂ ಬಂತು. ಹದಿನೈದು ಆರಿಸಿ ಒಂದೇ ಆಲ್ಬಮು ಮಾಡಿದ್ದರೆ ವಿಮರ್ಶಕರು ಇನ್ನೂ ಹೆಚ್ಚು ಮೆಚ್ಚುತ್ತಿದ್ದರೇನೋ. ಆದರೆ ಆರಿಸುವ ಕೆಲಸವನ್ನು ಇವರು ಜೀವನವಿಡೀ ಮಾಡಿದ್ದಾರೆ, ಬೇಕಾದುದಕ್ಕಿಂತ ಹೆಚ್ಚೇ ಮಾಡಿದ್ದಾರೆ. 2003ರ 'ಸೋಲ್ ಜರ್ನಿ' ಆದಮೇಲೆ ವೆಲ್ಚ್ ಹೆಸರಿನ ಮುಂದಿನ ಆಲ್ಬಮಿಗೆ ಎಂಟು ವರ್ಷ ಕಾಯಬೇಕಾಯಿತು. ಬರೆಯುತ್ತಲೇ ಇದ್ದರೂ ಬರೆದದ್ದು ತಮಗೇ ಹಿಡಿಸದೆ ಬದಿಗಿಟ್ಟರಂತೆ. 2011ರಲ್ಲಿ ಕೊನೆಗೂ 'ದಿ ಹ್ಯಾರೋ ಆಂಡ್ ದಿ ಹಾರ್ವೆಸ್ಟ್' ಬಂದಾಗ ಅದರಲ್ಲಿದ್ದದ್ದು ಹತ್ತೇ ಹಾಡು. ಅಂಥ ಕಟ್ಟುನಿಟ್ಟಿನವರು ಒಮ್ಮೆ ಜರಡಿಯನ್ನು ಗೋಡೆಗೆ ತೂಗುಹಾಕಿ ರಾಶಿಯನ್ನೇ ಅಂಗಳಕ್ಕೆ ಸುರಿದರೆ, ಕೇಳುವವರಿಗೆ ಅದೊಂದು ಅಪರೂಪದ ಸಂದರ್ಭ. ನೊರೆಯೂ ಇದೆ, ಕೆನೆಯೂ ಇದೆ. ಬೇರ್ಪಡಿಸುವ ಕೆಲಸ ನಮ್ಮದು.

ನಿನ್ನ ವಾದದಲ್ಲಿ ನಾನು ಒಪ್ಪುವ ಒಂದು ಭಾಗವಿದೆ. ಸತ್ತವರ ಪೆಟ್ಟಿಗೆಯನ್ನು ವಾರಸುದಾರರು ಒಡೆದು, ಅವರು ಎಂದೂ ಒಪ್ಪದಿದ್ದ ಕರಡುಗಳನ್ನು ಮಾರುವುದು ಹಲವು ಸಲ ಹೇಸಿಗೆಯ ವ್ಯಾಪಾರವಾಗಿದೆ. ಇಲ್ಲಿ ಹಾಗಾಗಿಲ್ಲ. ಹಾಡಿದವರೇ ಬದುಕಿದ್ದು, ಕೈಯಾರೆ ಪೆಟ್ಟಿಗೆ ತೆರೆದಿದ್ದಾರೆ. ರಾಲಿಂಗ್ಸ್ ಅವರೇ ನಿರ್ಮಾಪಕರು, ಹೊರತಂದದ್ದು ಅವರದೇ ಅಕೋನಿ. 'ಬೂಟ್ಸ್' ಎಂಬ ಹೆಸರೇ 'ಬೂಟ್‌ಲೆಗ್' ಎಂಬುದರ ಚಿಕ್ಕ ರೂಪ, ಎಂದರೆ ಕಳ್ಳಪ್ರತಿ. 'ರಿವೈವಲ್' ಬಂದು ಇಪ್ಪತ್ತು ವರ್ಷವಾದಾಗ, 2016ರಲ್ಲಿ, ಅದರ ಮಾದರಿ ಮುದ್ರಣಗಳನ್ನೂ ಕೈಬಿಟ್ಟ ಹಾಡುಗಳನ್ನೂ ಸೇರಿಸಿ 21 ಹಾಡುಗಳ ಮೊದಲ 'ಬೂಟ್ಸ್' ತಂದು, ಅದನ್ನು 'ಅಧಿಕೃತ ಕಳ್ಳಪ್ರತಿ' ಎಂದು ಕರೆದರು. ಕಳ್ಳನಿಗೆ ಬೀಗದ ಕೈ ಕೊಟ್ಟು ತಾವೇ ಪಕ್ಕದಲ್ಲಿ ದೀಪ ಹಿಡಿದು ನಿಂತಂತಿದೆ ಈ ಹಾಸ್ಯ. ಅಂತರ್ಜಾಲದಲ್ಲಿ ಹಾಡುಗಳು ಬಿಟ್ಟಿಯಾಗಿ ಹರಿದಾಡತೊಡಗಿದ ಕಾಲದಲ್ಲಿ, 2001ರಷ್ಟು ಹಿಂದೆಯೇ, ಎಲ್ಲವೂ ಪುಕ್ಕಟೆಯಾದ ಮೇಲೆ ಹಾಡುವವರ ಗತಿಯೇನು ಎಂದು ಹಾಡು ಬರೆದಿಟ್ಟವರು ಅವರು ಎಂಬುದನ್ನು ನೆನೆದರೆ ಈ ಹಾಸ್ಯದ ಒಳಗಿನ ಹುಳಿ ನಾಲಗೆಗೆ ತಾಗುತ್ತದೆ.

ವುಡ್‌ಲ್ಯಾಂಡನ್ನು ಅವರು ಮತ್ತೆ ಕಟ್ಟಿದರು. 2024ರ ಆಗಸ್ಟಿನಲ್ಲಿ ಅದರ ಹೆಸರನ್ನೇ ಇಟ್ಟು, ಹತ್ತು ಹೊಸ ಹಾಡುಗಳ ಆಲ್ಬಮ್ ತಂದರು, ಅದಕ್ಕೂ ಗ್ರ್ಯಾಮಿ ಬಂತು. ಅದನ್ನು ನೀನು ಈಗಾಗಲೇ ಕೇಳಿದ್ದೀಯೆ, ಹೊಗಳಿಯೂ ಇದ್ದೀಯೆ. ಹೊಸದನ್ನು ಹೊಗಳಿದವನು ಹಳೆಯದನ್ನು ಕೇಳದೆಯೇ ತಂಗಳೆಂದದ್ದು ನ್ಯಾಯವಲ್ಲ ಎಂಬುದಷ್ಟೇ ನನ್ನ ತಕರಾರು. ಮೊದಲ ಸಂಪುಟದಿಂದ ಶುರು ಮಾಡು, ಒಂದೇ ಬಾರಿಗೆ ಎಲ್ಲವನ್ನೂ ಕೇಳಬೇಡ. ರಾತ್ರಿ ಊಟವಾದ ಮೇಲೆ ನಾಲ್ಕೈದು ಸಾಕು.

ಇನ್ನೊಂದು ಕೆಲಸವಿದೆ. ನಿನ್ನ ಬಳಿಯ ಆ ಎರಡನೆಯ ಕ್ಯಾಸೆಟ್ ಇನ್ನೂ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ತೆಗೆದು ನೋಡು. ನೀನಾಗಿ ಟೇಪ್‌ರೆಕಾರ್ಡರಿಗೆ ಹಾಕಬೇಡ, ಹಳೆಯ ಟೇಪು ಸಿಕ್ಕಿಕೊಂಡು ಹರಿಯುತ್ತದೆ. ಮುಂದಿನ ಸಲ ಊರಿಗೆ ಬರುವಾಗ ಒಣಬಟ್ಟೆಯಲ್ಲಿ ಸುತ್ತಿ ಕೈಚೀಲದಲ್ಲಿ ತಾ. ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ ಇಳಿಸಿಕೊಡುವ ಒಬ್ಬರನ್ನು ನಾನು ಗೊತ್ತು ಮಾಡಿಟ್ಟಿದ್ದೇನೆ. ಮನೆಯಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಗೆಳೆಯ