ಘಾಟಿ ಹತ್ತುವ ಮುನ್ನ ಕೂಲೆಂಟ್ ನೋಡಿ

ಮಾನ್ಯರೇ,

ದುಬಾರಿ ಕಾರು ಶಿರಾಡಿ ಘಾಟಿಯಲ್ಲಿ ಆವಿಯುಗುಳುತ್ತ ನಿಂತರೆ ಜನ ಎಂಜಿನ್ನನ್ನು ಬಯ್ಯುತ್ತಾರೆ. ಮೊದಲು ನೋಡಬೇಕಾದ್ದು ಎಂಜಿನ್ ತಣಿಸುವ ದ್ರವವಾದ ಕೂಲೆಂಟನ್ನು ಸುತ್ತಿಸುವ ವಾಟರ್ ಪಂಪ್. ಇಂಥ ಹಲವು ಕಾರುಗಳಲ್ಲಿ ಪಂಪಿನೊಳಗೆ ತಿರುಗುವ ರೆಕ್ಕೆಚಕ್ರ (ಇಂಪೆಲ್ಲರ್), ಬಿಸಿಗೆ ತಕ್ಕಂತೆ ಕೂಲೆಂಟ್ ಹರಿವು ಹಿಡಿತದಲ್ಲಿಡುವ ಥರ್ಮೋಸ್ಟಾಟಿನ ಹೊರಕವಚ (ಹೌಸಿಂಗ್) ಎರಡೂ ಪ್ಲಾಸ್ಟಿಕ್. 100 ಡಿಗ್ರಿ ಆಸುಪಾಸಿನಲ್ಲಿ ಕಾದು ತಣಿದು ಅದು ಪೆಡಸಾಗಿ, ಜೋಡಣೆಯ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಸೋರಿದ ಕೂಲೆಂಟ್ ಬಿಸಿಗೆ ಅಲ್ಲೇ ಆರುವುದರಿಂದ ನೆಲದಲ್ಲಿ ಹನಿ ಕಾಣದಿರಬಹುದು. ಪಂಪಿನ ಕೆಳಗೆ ಗುಲಾಬಿ ಅಥವಾ ಬಿಳಿ ಹುಡಿ ಅಂಟಿದೆಯೇ, ಬಾನೆಟ್ ಎತ್ತಿದಾಗ ಸಿಹಿ ವಾಸನೆ ಬರುತ್ತದೆಯೇ ನೋಡಿ.

ಕೂಲೆಂಟ್ ಬದಲು ಬಾವಿ ನೀರು ಸುರಿಯುವ ಅಭ್ಯಾಸ ಬೇಡವೇ ಬೇಡ. ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನ ಕೂಲೆಂಟ್, ಡಿಸ್ಟಿಲ್ಡ್ ವಾಟರ್ ಸಾಮಾನ್ಯವಾಗಿ ಅರ್ಧಕ್ಕರ್ಧ. ರೆಡಿ ಮಿಕ್ಸ್ ಆದರೆ ನೀರು ಸೇರಿಸಬಾರದು. ಪಂಪ್ ಬದಲಿಸುವಾಗ ಥರ್ಮೋಸ್ಟಾಟ್, ಸೀಲು, ಬೆಲ್ಟನ್ನೂ ಬದಲಿಸಿದರೆ ಬಿಚ್ಚುವ ಕೂಲಿ ಒಂದೇ ಸಲಕ್ಕೆ ಮುಗಿಯುತ್ತದೆ. ಎಲೆಕ್ಟ್ರಿಕ್ ಪಂಪ್ ಇರುವ ಕಾರಿನಲ್ಲಿ ಒಳಗಿನ ಗಾಳಿ ತೆಗೆಯದಿದ್ದರೆ ಹೊಸ ಪಂಪೂ ಹಾಳಾಗಬಹುದು. ಈ ಕೆಲಸಕ್ಕೆ ಉದಾಸೀನ ಮಾಡುವ ಗ್ಯಾರೇಜುಗಳೂ ಇವೆ!

ಬಿಸಿ ತೋರಿಸುವ ಸೂಜಿ ಕೆಂಪಿಗೇರಿದರೆ ಕಾರನ್ನು ಬದಿಗೆ ನಿಲ್ಲಿಸಿ ಎಂಜಿನ್ ತಕ್ಷಣ ಆಫ್ ಮಾಡಿ. ‘ಇನ್ನೆರಡು ತಿರುವು’ ಎಂದು ಓಡಿಸಿದರೆ ಎಂಜಿನ್ನಿನ ಮೇಲ್ಭಾಗದ ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗಬಹುದು. ತಣಿಯುವ ತನಕ ಕೂಲೆಂಟ್ ಮುಚ್ಚಳ ಮುಟ್ಟಬೇಡಿ.

– ಕಾರು ಮೆಕ್ಯಾನಿಕ್‌ಗಳು, ಮಂಗಳೂರು